ಫಾಂಟ್ ವಿಷಯಕ್ಕೆ ಒಪ್ಪುತ್ತದೋ ಇಲ್ಲವೋ ಅಂತ ಜನ ಹೇಗೆ ಹೇಳುತ್ತಾರೆ?

ಅಕ್ಷರದ ಆಕಾರ ನೋಡಿ ಹೇಳುತ್ತಾರಾ, ಸುಮ್ನೆ ಅಭ್ಯಾಸದ ಮೇಲಾ ಎಂದು ಕೇಳಿದ್ದೀರಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಅಲ್ಲಿ ಕಂಡ ಮಟ್ಟಿಗೆ ಅಭ್ಯಾಸದ್ದೇ ಜಾಸ್ತಿ.

ಒಮ್ಮೆ ಉತ್ತರಕ್ರಿಯೆಯ ಕಾಗದಕ್ಕೆ 'ಬಲೂ ತಮ್ಮ' ಎಂಬ ಫಾಂಟ್ ಹಾಕಿದೆ. ದಪ್ಪ, ದುಂಡು ದುಂಡು ಅಕ್ಷರ. ವಯಸ್ಸಾದವರಿಗೂ ಚೆನ್ನಾಗಿ ಕಾಣಲಿ ಎಂದು ನನ್ನ ಲೆಕ್ಕ. ತೀರಿಹೋದವರ ತಮ್ಮ ಪ್ರೂಫ್ ನೋಡಿ, "ಮಾರಾಯಾ, ಅಣ್ಣನ ಕ್ರಿಯೆಗೆ ಕರೆಯುವುದಾ, ಐಸ್‌ಕ್ರೀಮ್ ತಿನ್ನಲಿಕ್ಕೆ ಕರೆಯುವುದಾ?" ಎಂದರು. (ಫಾಂಟಿನ ಹೆಸರೂ ತಮ್ಮ. ನಗುವ ಹಾಗೂ ಇಲ್ಲ.) ಅವರಿಗೆ ಫಾಂಟಿನ ಗಂಧಗಾಳಿ ಇಲ್ಲ. ಆದರೆ ಅಂಥ ಅಕ್ಷರವನ್ನು ಅವರು ಕಂಡದ್ದೆಲ್ಲ ಅಂಗಡಿ ಬೋರ್ಡಿನಲ್ಲಿ, ತಿಂಡಿ ಪ್ಯಾಕೆಟಿನಲ್ಲಿ.

ಹಾಗಾದರೆ ಆಕಾರಕ್ಕೆ ಬೆಲೆಯೇ ಇಲ್ಲವಾ? ನಮ್ಮೂರಲ್ಲಿ ಇದನ್ನು ಪರೀಕ್ಷೆ ಮಾಡುವುದು ಸುಲಭ. ಅಂಗಡಿಯ ಹುಡುಗನಿಗೆ ಮಲಯಾಳ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಒಂದೇ ಸಾಲನ್ನು ಬೇರೆ ಬೇರೆ ಫಾಂಟಿನಲ್ಲಿ ತೆಗೆದು ಅವನ ಮುಂದಿಟ್ಟೆ. ಡಿಸ್ಕೌಂಟ್ ಸೇಲಿಗೆ ದಪ್ಪದ್ದು, ಮದುವೆಗೆ ತೆಳು ಗೆರೆಯದ್ದು ಎಂದು ಥಟ್ಟನೆ ಹೇಳಿದ. ದಪ್ಪ ಗೆರೆ ದೊಡ್ಡ ಸ್ವರದ ಹಾಗೆ, ಅದು ತಿಳಿಯಲು ಓದು ಬೇಡ. ಆದರೆ ಹಳೆ ಸೀಸದ ಮೊಳೆಯ ಅಚ್ಚಿನಂಥ ಅಕ್ಷರ ತೋರಿಸಿದಾಗ ಸುಮ್ಮನಾದ. ನಮಗೆ ಅದು ಪಂಚಾಂಗ, ಯಕ್ಷಗಾನ ಪ್ರಸಂಗದ ಪುಸ್ತಕ. ಅವನಿಗೆ ಬರೀ ಗೆರೆ.

1923ರಲ್ಲಿ ಅಮೆರಿಕದಲ್ಲಿ ಪೊಫೆನ್‌ಬರ್ಗರ್, ಫ್ರಾಂಕನ್ ಎಂಬ ಇಬ್ಬರು ಸಂಶೋಧಕರು ಇಂಥದ್ದೇ ಪರೀಕ್ಷೆ ಮಾಡಿದ್ದರು. 29 ಇಂಗ್ಲಿಷ್ ಅಕ್ಷರ ನಮೂನೆಗಳಲ್ಲಿ ಕಾರಿಗೆ ಯಾವುದು, ಕಾಫಿಗೆ ಯಾವುದು, ಒಡವೆಗೆ, ಅತ್ತರಿಗೆ ಯಾವುದು ಎಂದು ಜನರನ್ನು ಕೇಳಿದ್ದರು. ಉತ್ತರಗಳು ಬಾಯಿಗೆ ಬಂದ ಹಾಗೆ ಇರಲಿಲ್ಲ, ಒಬ್ಬರದ್ದಕ್ಕೊಬ್ಬರದ್ದು ಸಾಕಷ್ಟು ಹೊಂದುತ್ತಿದ್ದವು. ಆದರೆ ಓದಬಲ್ಲವರನ್ನೇ ಕೇಳಿದರೆ ಆಕಾರ ಎಷ್ಟು, ನೆನಪು ಎಷ್ಟು ಎಂದು ಬಿಡಿಸುವುದು ಕಷ್ಟ ಅಲ್ವಾ? ನಮ್ಮ ಹುಡುಗನಿಂದ ಲಾಭ ಆದದ್ದು ಅಲ್ಲೇ.

ಕನ್ನಡಕ್ಕೆ ಇನ್ನೊಂದು ಫಜೀತಿ ಉಂಟು. ಸಣ್ಣ ಸೈಜಿಗೆ ತೀರಾ ದಪ್ಪ ಫಾಂಟ್ ಹಾಕಿದರೆ 'ಧ'ದಂಥ ಮಹಾಪ್ರಾಣದ ಅಡಿಯ ಸೀಳು ಇಂಕಿನಲ್ಲಿ ಮುಚ್ಚಿಹೋಗುತ್ತದೆ. ಜೀರ್ಣೋದ್ಧಾರದ ರಶೀದಿ ಪುಸ್ತಕಕ್ಕೆ 'ಧನಸಹಾಯ' ಎಂದು ಹಾಕಿದ್ದೆ. ಅಚ್ಚಾಗಿ ಬಂದದ್ದು 'ದನಸಹಾಯ'. ಹಟ್ಟಿಯಿಂದ ಯಾವುದನ್ನು ಬಿಚ್ಚಿ ತರಬೇಕು ಎಂದು ಊರವರು ಈಗಲೂ ಕೇಳುತ್ತಾರೆ.

ಉತ್ತರಕ್ರಿಯೆಯ ಕಾಗದಕ್ಕೆ ಕೊನೆಗೆ ಪುಸ್ತಕದಲ್ಲಿ ಕಾಣುವಂಥ ಅಕ್ಷರದ 'ನೋಟೋ ಸೆರಿಫ್' ಫಾಂಟ್ ಹಾಕಿದೆ. ತೀರಿಹೋದವರ ತಮ್ಮ ಕನ್ನಡಕ ಕೂಡ ತೆಗೆಯಲಿಲ್ಲ ಕಿಸೆಯಿಂದ. ದೂರ ಹಿಡಿದು ನೋಡಿ, "ಹಾಂ, ಈಗ ಸರಿಯಾಯಿತು" ಎಂದರು. ಅಣ್ಣನ ಹೆಸರಲ್ಲೇ ಒಂದು ದೀರ್ಘ ಬಿಟ್ಟುಹೋಗಿತ್ತು. ಅವರು ಹೋದ ಮೇಲೆ ನಾನೇ ಕಂಡು ಸರಿ ಮಾಡಿದೆ.