ಡಾಕಿಂಗ್ ಅಂಕ ಔಷಧಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ

ಪ್ರಶ್ನೆ: ಅರಿಶಿನದಲ್ಲಿರುವ ಕರ್ಕ್ಯುಮಿನ್ ಕೊರೊನಾ ವೈರಸ್ಸಿನ ಪ್ರೋಟೀನಿಗೆ ಬಲವಾಗಿ ಅಂಟುತ್ತದೆಂದು ಕಂಪ್ಯೂಟರ್ ಲೆಕ್ಕದಲ್ಲಿ ಸಾಬೀತಾಗಿದೆಯಂತೆ. ಅದರ ಮಾತ್ರೆಯನ್ನು ನಿತ್ಯ ಸೇವಿಸಬಹುದೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಅರಿಶಿನ ಹೋಗಿ ಅಮೃತಬಳ್ಳಿ, ಅಮೃತಬಳ್ಳಿ ಹೋಗಿ ತುಳಸಿ ಎಂದು ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ನೀವು ಓದಿರುವುದು ಡಾಕಿಂಗ್ ಲೆಕ್ಕದ ಸುದ್ದಿ. ಅಣುವನ್ನು ಪ್ರೋಟೀನಿನ ಕುಳಿಯೊಳಗೆ ನಾನಾ ಭಂಗಿಗಳಲ್ಲಿ ಕೂರಿಸಿ ಅಂಕ ಕೊಡುವ ಈ ಕೆಲಸ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಬೇಗ ಮುಗಿಯುತ್ತದೆ. ಏಕೆಂದರೆ ಅದು ಸಾಮಾನ್ಯವಾಗಿ ಪ್ರೋಟೀನನ್ನು ಅಲುಗಾಡದ ವಸ್ತುವೆಂದೇ ಭಾವಿಸುತ್ತದೆ, ಸುತ್ತಲಿನ ನೀರನ್ನು ಅಣು ಅಣುವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹದ ಉಷ್ಣತೆಯಲ್ಲಿ ಶಕ್ತಿಯ ಲೆಕ್ಕ ಮೋಲ್ (ಅಣುಗಳನ್ನು ಎಣಿಸುವ ಅಳತೆ) ಒಂದಕ್ಕೆ 1.4 ಕಿಲೋಕ್ಯಾಲರಿಯಷ್ಟು ತಪ್ಪಿದರೆ ಅಂಟುವ ಬಲದ ಅಂದಾಜು ಹತ್ತು ಪಟ್ಟು ತಪ್ಪುತ್ತದೆ, ಡಾಕಿಂಗ್‌ನಲ್ಲಿ ಅದಕ್ಕಿಂತ ಹೆಚ್ಚು ತಪ್ಪುವುದು ಮಾಮೂಲು.

ಕೊರೊನಾ ವೈರಸ್ಸಿನ ಮುಖ್ಯ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ) ಕಿಣ್ವದಲ್ಲಿ 145ನೆಯ ಸ್ಥಾನದ ಸಿಸ್ಟೀನ್ ಎಂಬ ಅಮೈನೋ ಆಮ್ಲ ತನ್ನ ಪ್ರೋಟಾನನ್ನು 41ನೆಯ ಸ್ಥಾನದ ಹಿಸ್ಟಿಡೀನ್ ಎಂಬ ಇನ್ನೊಂದಕ್ಕೆ ಬಿಟ್ಟುಕೊಟ್ಟು, ತನ್ನ ಗಂಧಕದ ಪರಮಾಣುವಿನಿಂದ ಪ್ರೋಟೀನ್ ಸರಪಳಿಯ ಮೇಲೆರಗುತ್ತದೆ. ಹೀಗೆ ಒಂದು ಬಂಧ ಮುರಿದು ಇನ್ನೊಂದು ಕೂಡುವುದು ಡಾಕಿಂಗ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ವಿಜ್ಞಾನಿಗಳಾದ ವಾರ್ಶೆಲ್ ಮತ್ತು ಲೆವಿಟ್ 1976ರಲ್ಲಿ ಲೈಸೊಜೈಮ್ ಕಿಣ್ವಕ್ಕೆ ಮಾಡಿ ತೋರಿಸಿದಂತೆ, ಕ್ರಿಯೆ ನಡೆಯುವ ಜಾಗಕ್ಕೆ ಎಲೆಕ್ಟ್ರಾನುಗಳನ್ನೂ ಗಣಿಸುವ ಕ್ವಾಂಟಂ ಲೆಕ್ಕವನ್ನೂ ಉಳಿದ ಭಾಗಕ್ಕೆ ನ್ಯೂಟನ್ನನ ನಿಯಮಗಳನ್ನೂ ಹಚ್ಚಬೇಕು. ಪರಮಾಣುಗಳ ಚಲನೆಯನ್ನು ಎರಡೆರಡು ಫೆಮ್ಟೊಸೆಕೆಂಡಿನ (ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು) ಹೆಜ್ಜೆಗಳಲ್ಲಿ ಲೆಕ್ಕಹಾಕುತ್ತ ಹೋದರೆ ಒಂದು ಮೈಕ್ರೊಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು) ಕಳೆಯುವುದಕ್ಕೇ 50 ಕೋಟಿ ಹೆಜ್ಜೆಗಳು ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದಾದ ಒಂದು ಊಹೆ ಮಾತ್ರ. ಕರ್ಕ್ಯುಮಿನ್ ಅಲ್ಲಿಯೂ ದಾರಿ ತಪ್ಪಿಸುತ್ತದೆ: ಪರೀಕ್ಷೆಯ ಬೆಳಕು ಬಿದ್ದಾಗ ತಾನೂ ಬೆಳಕು ಸೂಸಿ ಅಳತೆ ಕೆಡಿಸುತ್ತದೆ, ದ್ರಾವಣದಲ್ಲಿ ಬೇಗನೆ ಒಡೆಯುತ್ತದೆ, ಹೀಗಾಗಿ ಕೆಲಸ ಮಾಡದಿದ್ದರೂ ಮಾಡಿದಂತೆ ತೋರುತ್ತದೆ. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ. ಅಧಿಕ ಪ್ರಮಾಣದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ನನ್ನ ಮನೆಯವರಿಗಂತೂ ನಾನು ಕೊಡುವುದಿಲ್ಲ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಪ್ರಶ್ನೆ: ಪ್ರೋಟೀನಿನ ಆಕಾರವನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಆಲ್ಫಾಫೋಲ್ಡ್ ಬಂದ ಮೇಲೆ, ಅಣುಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ನಿಮ್ಮಂಥವರಿಗೆ ಕೆಲಸವಿದೆಯೇ?
– ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಅದು ಆಕಾರವನ್ನು ಹೇಳುತ್ತದೆ, ಕ್ರಿಯೆ ನಡೆಯುವ ಬಗೆಯನ್ನು ಹೇಳುವುದಿಲ್ಲ.

ಪ್ರಶ್ನೆ: ನೀರಿನ ಅಣುಗಳನ್ನು ಜೋಡಿಸಿಡುವ ಯಂತ್ರ ಕೊಳ್ಳಬಹುದೇ?
– ಓದುಗರು, ಜಯನಗರ

ಉತ್ತರ: ನೀರಿನ ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹೈಡ್ರೋಜನ್ ಬಂಧಗಳು ಪಿಕೊಸೆಕೆಂಡುಗಳಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಅದಲುಬದಲಾಗುತ್ತವೆ, ಯಂತ್ರ ಮಾರುವವರಿಗೆ ಇದನ್ನು ಹೇಳಿ, ದುಡ್ಡು ಉಳಿಸಿಕೊಳ್ಳಿ.