ಜರ್ಮನ್ ರಾಜಕೀಯ ವರದಿ ಮಾಡಲು ಬಿ2 ಮಟ್ಟದ ಭಾಷೆ ಸಾಕೇ? ಬರ್ಲಿನ್ ಮೇಲೋ, ಬ್ರಸೆಲ್ಸ್ ಮೇಲೋ?

ಸಂಗಾತಿಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ, ಬೆಂಗಳೂರಿನ ಪತ್ರಿಕೆಯೊಂದು ‘ಬರೆದು ಕಳುಹಿಸಿ, ನೋಡೋಣ’ ಎಂದಿದೆ ಎಂದು ಬರೆದಿದ್ದೀರಿ. ಅಂಥದ್ದೇ ಒಂದು ‘ನೋಡೋಣ’ವನ್ನು ನಂಬಿ 2017ರ ಬೇಸಿಗೆಯಲ್ಲಿ ಅದೇ ಊರಿಗೆ ಬಂದಿಳಿದವನು ನಾನು. ವಿಧಾನಸೌಧದ ವರದಿಗಾರಿಕೆಯಲ್ಲಿ ಪಳಗಿದ್ದೆ. ಜರ್ಮನ್ ಭಾಷೆಯ ಬಿ2 (ಮಧ್ಯಮಕ್ಕಿಂತ ಮೇಲಿನ ಮಟ್ಟದ) ಪ್ರಮಾಣಪತ್ರವೂ ಚೀಲದಲ್ಲಿತ್ತು. ನನ್ನನ್ನು ಮುಳುಗಿಸಿದ್ದು ಭಾಷೆಯಲ್ಲ.

ಆ ವರ್ಷ ಸೆಪ್ಟೆಂಬರ್ 24ರಂದು ಜರ್ಮನಿಯ ಸಂಸತ್ ಚುನಾವಣೆ ನಡೆಯಿತು. ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥೆ) ಆಂಗೆಲಾ ಮರ್ಕೆಲ್ ಅವರ ಸಂಪ್ರದಾಯವಾದಿ ಸಿಡಿಯು–ಸಿಎಸ್‌ಯು ಕೂಟಕ್ಕೆ ಶೇ 32.9 ಮತ ಬಂತು. ಮೊದಲ ಸ್ಥಾನವೇನೋ ಸರಿ, ಬಹುಮತ ಇಲ್ಲ. ಶೇ 20.5ಕ್ಕೆ ಕುಸಿದಿದ್ದ ಸಾಮಾಜಿಕ ಪ್ರಜಾಪ್ರಭುತ್ವವಾದಿ ಪಕ್ಷ ಎಸ್‌ಪಿಡಿಯ ಮಾರ್ಟಿನ್ ಶುಲ್ಟ್ಸ್, ನಾವು ವಿರೋಧ ಪಕ್ಷದಲ್ಲಿ ಕೂರುತ್ತೇವೆ ಎಂದು ಅದೇ ಸಂಜೆ ಹೇಳಿಬಿಟ್ಟರು. ಉಳಿದದ್ದು ಒಂದೇ ಲೆಕ್ಕ: ಕಪ್ಪು ಬಣ್ಣದ ಸಿಡಿಯು–ಸಿಎಸ್‌ಯು, ಹಳದಿಯ ಉದಾರವಾದಿ ಎಫ್‌ಡಿಪಿ, ಹಸಿರಿನ ಗ್ರೀನ್ಸ್. ಜಮೈಕಾ ಧ್ವಜದ ಬಣ್ಣಗಳಾದ್ದರಿಂದ ಅದಕ್ಕೆ ‘ಜಮೈಕಾ’ ಮೈತ್ರಿ ಎಂದು ಹೆಸರು. ಮಾತುಕತೆ ವಾರಗಟ್ಟಲೆ ಎಳೆಯಿತು. ಹೊರಬಂದ ನಾಯಕರೆಲ್ಲ ಕ್ಯಾಮೆರಾ ಮುಂದೆ ಎರಡು ಸಪ್ಪೆ ವಾಕ್ಯ ಹೇಳಿ ಕಾರು ಹತ್ತುತ್ತಿದ್ದರು.

ಒಬ್ಬ ಜರ್ಮನ್ ಸಹೋದ್ಯೋಗಿ ನನ್ನನ್ನು ತಮ್ಮ ‘ಹಿನ್ನೆಲೆ ಕೂಟ’ಕ್ಕೆ ಕರೆದೊಯ್ದದ್ದು ಆಗಲೇ. ಕೆಲವು ಪತ್ರಕರ್ತರು ಸೇರಿ ರಾಜಕಾರಣಿಯೊಬ್ಬರನ್ನು ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡು ಮಾತನಾಡುವ ಕೂಟ ಅದು. ಬಂದ ಅತಿಥಿ ಮಾತುಕತೆಯ ಮೇಜಿಗೆ ತೀರಾ ಹತ್ತಿರದವರು. ಕೂತ ಕೂಡಲೇ ಯಾರೋ ‘ಉಂಟರ್ ಡ್ರೈ’ ಎಂದರು, ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಬರ್ಲಿನ್‌ನಲ್ಲಿ ರಾಜಕಾರಣಿ ಆಡುವ ಮಾತಿಗೆ ಮೂರು ದರ್ಜೆಗಳಿವೆ. ಮೊದಲನೆಯದರಲ್ಲಿ ಹೆಸರು ಹಾಕಿ ಮಾತನ್ನು ಉಲ್ಲೇಖಿಸಬಹುದು. ಎರಡನೆಯದರಲ್ಲಿ ಹೆಸರಿಲ್ಲದೆ, ‘ಸರ್ಕಾರದ ವಲಯ’, ‘ಪಕ್ಷದ ವಲಯ’ ಎಂದು ಬರೆಯಬಹುದು. ಮೂರನೆಯದರಲ್ಲಿ, ಅಂದರೆ ಆ ‘ಉಂಟರ್ ಡ್ರೈ’ಯಲ್ಲಿ, ಬರೆಯುವ ಹಾಗೆಯೇ ಇಲ್ಲ. ಅದು ನಿಮ್ಮ ತಿಳಿವಳಿಕೆಗೆ ಮಾತ್ರ. ಈ ದರ್ಜೆಗಳ ಬಗ್ಗೆ ಓದಿದ್ದೆ. ಆದರೆ ಕೈ ಕಲಿತದ್ದು ಬೆಂಗಳೂರಿನಲ್ಲಿ. ಅಲ್ಲಿ ಸಚಿವರೊಬ್ಬರು ‘ನನ್ನ ಹೆಸರು ಬೇಡ’ ಎಂದರೆ, ಹೆಸರು ಬಿಟ್ಟು ಬರೆಯಿರಿ ಎಂದೇ ಅರ್ಥ. ಬರೆಯದಿದ್ದರೆ ಮರುದಿನ ಅವರೇ ಫೋನ್ ಮಾಡಿ ‘ಬಂದಿಲ್ಲವಲ್ಲ’ ಎನ್ನುತ್ತಾರೆ. ಹೆಸರನ್ನು ಮುಚ್ಚಿಟ್ಟರೆ ಮಾತು ಕೊಟ್ಟಂತೆ ನಡೆದುಕೊಂಡೆ ಎಂದು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಂಬಿದ್ದವನಿಗೆ, ವಿಷಯವನ್ನೇ ಮುಚ್ಚಿಡಬೇಕು ಎಂಬುದು ತಲೆಗೆ ಹೋದರೂ ಕೈಗೆ ಇಳಿದಿರಲಿಲ್ಲ. ಜೊತೆಗೆ ಒಂದು ಸೋಮಾರಿ ಧೈರ್ಯ: ನಾನು ಬರೆಯುವುದು ಕನ್ನಡದಲ್ಲಿ, ಬರ್ಲಿನ್‌ನಲ್ಲಿ ಓದುವವರು ಯಾರು?

‘ಮಾತುಕತೆಗೆ ಹತ್ತಿರದ ಮೂಲಗಳು’ ಎಂದು ಬರೆದೆ. ಡೆಸ್ಕ್‌ನ ಸಂಪಾದಕರು ನನ್ನ ‘ಆಗಬಹುದು’ಗಳನ್ನು ‘ಆಗಲಿದೆ’ ಮಾಡಿ, ಇಂಗ್ಲಿಷ್ ಜಾಲತಾಣಕ್ಕೂ ಒಂದು ಆವೃತ್ತಿ ಹಾಕಿದರು. ಯಾರೋ ಅದನ್ನು ಟ್ವಿಟರ್‌ನಲ್ಲಿ ಹಂಚಿದರು. ಎರಡನೆಯ ದಿನಕ್ಕೆ ಅದು ಆ ಅತಿಥಿಯ ಕಚೇರಿಯಲ್ಲಿತ್ತು. ಮೇಜಿನ ಸುತ್ತ ಕೂತಿದ್ದವರಲ್ಲಿ ಭಾರತಕ್ಕೆ ಬರೆಯುವವನು ನಾನೊಬ್ಬನೇ. ಪತ್ತೆದಾರರ ಅಗತ್ಯವೇ ಬೀಳಲಿಲ್ಲ. (ಅವರು ಹೇಳಿದ್ದೇನು ಎಂದು ನೀವು ಕೇಳಬಹುದು. ಈಗಲಾದರೂ ಬರೆಯದೆ ಇರುತ್ತೇನೆ.) ಕೂಟ ನನ್ನನ್ನು ಕೈಬಿಟ್ಟಿತು. ಅದು ನ್ಯಾಯವೇ. ಆದರೆ ನನಗೆ ಜಾಮೀನು ನಿಂತಿದ್ದ ಸಹೋದ್ಯೋಗಿಯನ್ನೂ ಕೈಬಿಟ್ಟಿತು. ಅವರು ಬೈಯಲಿಲ್ಲ, ಫೋನ್ ಎತ್ತುವುದನ್ನು ನಿಲ್ಲಿಸಿದರು. ಪಕ್ಷಗಳ ಮಾಧ್ಯಮ ಕಚೇರಿಗಳಿಂದ ನನ್ನ ಮಿಂಚಂಚೆಗಳಿಗೆ ಉತ್ತರ ಬರುವುದೂ ನಿಂತಿತು.

ನವೆಂಬರ್ 19ರ ರಾತ್ರಿ ಕೊನೆಯ ಸುತ್ತು ನಡೆದದ್ದು ಬರ್ಲಿನ್‌ನಲ್ಲಿರುವ ಬಾಡೆನ್–ವುರ್ಟೆಂಬರ್ಗ್ ರಾಜ್ಯದ ಭವನದಲ್ಲಿ. ಒಳಗಿನವರ ಸಂದೇಶ ಬರುವವರೆಲ್ಲ ಮೊದಲೇ ವಾಸನೆ ಹಿಡಿದಿದ್ದರು. ನಾನು ಚಳಿಯಲ್ಲಿ ಟಿವಿಯವರ ಹಿಂದೆ ನಿಂತಿದ್ದೆ. ನಡುರಾತ್ರಿಯ ಸುಮಾರಿಗೆ ಎಫ್‌ಡಿಪಿಯ ಕ್ರಿಸ್ಟಿಯಾನ್ ಲಿಂಡ್ನರ್ ಹೊರಬಂದು, ತಪ್ಪಾಗಿ ಆಳುವುದಕ್ಕಿಂತ ಆಳದಿರುವುದೇ ಮೇಲು ಎಂದು ಹೇಳಿ ಹೊರಟರು. ಜಮೈಕಾ ಮುಗಿಯಿತು. ಆಗ ಬೆಂಗಳೂರಿನಲ್ಲಿ ಬೆಳಗಿನ ನಾಲ್ಕೂವರೆ. ಪತ್ರಿಕೆ ಮುದ್ರಣವಾಗಿ ಬಸ್ ಹತ್ತಿಯಾಗಿತ್ತು. ಅಂದರೆ ಕೂಟದೊಳಗೇ ಇದ್ದಿದ್ದರೂ ಆ ಸುದ್ದಿ ನನಗೆ ದಕ್ಕುತ್ತಿರಲಿಲ್ಲ. ಯಾವುದಕ್ಕಾಗಿ ಮಾತು ಮುರಿದೆನೋ ಆ ಓಟದಲ್ಲಿ ನಾನು ಇರಲೇ ಇಲ್ಲ. ಮರ್ಕೆಲ್ ಕೊನೆಗೆ ಎಸ್‌ಪಿಡಿ ಜೊತೆಗೇ ಸರ್ಕಾರ ಮಾಡಿದರು, 2018ರ ಮಾರ್ಚ್ 14ಕ್ಕೆ.

ಆದ್ದರಿಂದ ಬಿ2ನೋ ಅದಕ್ಕೂ ಮೇಲಿನ ಸಿ1ನೋ ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಭಾಷೆ ವರ್ಷದಲ್ಲಿ ಸುಧಾರಿಸುತ್ತದೆ. ಹೋದ ಮೊದಲ ತಿಂಗಳು ಯಾರ ಸಂದರ್ಶನವನ್ನೂ ಕೇಳಬೇಡಿ. ಅಲ್ಲಿ ಕೆಲಸ ನಡೆಯುವ ರೀತಿ ನೋಡಿ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಸರ್ಕಾರದ ವಕ್ತಾರರು ಪತ್ರಿಕಾಗೋಷ್ಠಿಗೆ ಬರುತ್ತಾರೆ. ಕರೆಯುವುದು ಸರ್ಕಾರವಲ್ಲ, 1949ರಲ್ಲಿ ಪತ್ರಕರ್ತರೇ ಕಟ್ಟಿಕೊಂಡ ಸಂಘ. ವಕ್ತಾರರು ಅತಿಥಿಗಳು, ಯಾರು ಪ್ರಶ್ನೆ ಕೇಳಬೇಕೆಂದು ತೀರ್ಮಾನಿಸುವುದು ಪತ್ರಕರ್ತರಲ್ಲೊಬ್ಬರು. ಬರ್ಲಿನ್‌ನ ವಿದೇಶಿ ಪತ್ರಕರ್ತರ ಸಂಘದ ಸದಸ್ಯರಾದರೆ ನಿಮಗೂ ಅಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಇನ್ನೊಂದು ವಿಚಿತ್ರ: ಸಂದರ್ಶನ ಬರೆದಾದ ಮೇಲೆ ಪ್ರಕಟಣೆಗೆ ಮೊದಲು ಅದನ್ನು ರಾಜಕಾರಣಿಗೆ ಕಳುಹಿಸಿ ಒಪ್ಪಿಗೆ ಪಡೆಯುವ ರೂಢಿಯಿದೆ. ನಮಗೆ ಅದು ಅವಮಾನ ಎನಿಸುತ್ತದೆ. ಅಲ್ಲಿನವರಿಗೂ ಕೆಲವೊಮ್ಮೆ ಹಾಗೇ ಎನಿಸುತ್ತದೆ: 2003ರಲ್ಲಿ ಬರ್ಲಿನ್‌ನ ‘ಟಾಟ್ಸ್’ ದಿನಪತ್ರಿಕೆ, ಆಗ ಎಸ್‌ಪಿಡಿ ಪ್ರಧಾನ ಕಾರ್ಯದರ್ಶಿಯಾಗಿದ್ದ ಓಲಾಫ್ ಶೋಲ್ಟ್ಸ್ ಅವರ ಸಂದರ್ಶನದಲ್ಲಿ ಉತ್ತರಗಳಿಗೆಲ್ಲ ಕಪ್ಪು ಬಳಿದು ಪ್ರಶ್ನೆಗಳನ್ನಷ್ಟೇ ಅಚ್ಚು ಹಾಕಿತ್ತು. ಅಂಥ ಜಗಳ ಆಡಲು ಆ ಪತ್ರಿಕೆಗೆ ಶಕ್ತಿ ಇತ್ತು. ನಿಮಗೆ ಮೊದಲ ವರ್ಷ ಇರುವುದಿಲ್ಲ.

ಐರೋಪ್ಯ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್ ಬೇಡ. ಅಲ್ಲಿ ಇಂಗ್ಲಿಷ್ ಸಾಕು ಎಂಬುದೇ ಅದರ ಬಲೆ. ಎಲ್ಲರ ಕೈಯಲ್ಲೂ ಅದೇ ಹೇಳಿಕೆ ಇರುತ್ತದೆ, ನಿಮ್ಮ ಡೆಸ್ಕ್ ಅದನ್ನು ಸುದ್ದಿಸಂಸ್ಥೆಯಿಂದಲೇ ತೆಗೆದುಕೊಳ್ಳುತ್ತದೆ.

ಡೆಸ್ಕ್ ನಿಮ್ಮಿಂದ ಕೇಳುವುದು ‘ಯಾರು ಗೆದ್ದರು’ ಎಂಬ ಒಂದೇ ಸಾಲು. ಜರ್ಮನಿಯಲ್ಲಿ ಆ ಸಾಲು ನಿಮ್ಮನ್ನು ಹಳ್ಳಕ್ಕೆ ಬೀಳಿಸುತ್ತದೆ. 2024ರ ಸೆಪ್ಟೆಂಬರ್ 1ರಂದು ಥುರಿಂಗಿಯಾ ರಾಜ್ಯದ ಚುನಾವಣೆಯಲ್ಲಿ ಕಟ್ಟಾ ಬಲಪಂಥೀಯ ಪಕ್ಷ ಎಎಫ್‌ಡಿ ಶೇ 32.8 ಮತದೊಂದಿಗೆ ಮೊದಲು ಬಂತು. ಮುಖ್ಯಮಂತ್ರಿಯಾದವರು ಸಿಡಿಯುನ ಮಾರಿಯೊ ಫೋಕ್ಟ್. 2025ರ ಮೇ 6ರಂದು ಸಿಡಿಯುನ ಫ್ರೀಡ್ರಿಶ್ ಮೆರ್ಟ್ಸ್ ಚಾನ್ಸಲರ್ ಆಗುತ್ತಾರೆಂದು ಪುಟ ಸಿದ್ಧವಾಗಿತ್ತು. ಸಂಸತ್ತಿನಲ್ಲಿ ಬೇಕಿದ್ದದ್ದು 316 ಮತ, ಮೈತ್ರಿಯ ಬಲ 328, ಮೊದಲ ಸುತ್ತಿನಲ್ಲಿ ಬಿದ್ದದ್ದು 310. ಗುಪ್ತ ಮತದಾನವಾದ್ದರಿಂದ ಕೈಕೊಟ್ಟವರು ಯಾರೆಂದು ಗೊತ್ತಾಗಲಿಲ್ಲ. ಅದೇ ಮಧ್ಯಾಹ್ನದ ಎರಡನೆಯ ಸುತ್ತಿನಲ್ಲಿ 325 ಬಂತು. ಅಡ್ಡ ಮತದಾನ ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಅವರಿಗೆ ಹೊಸದಾಗಿ ಕಂಡದ್ದು ಬೇರೆ: ಜರ್ಮನಿಯಲ್ಲಿ ಅವಿಶ್ವಾಸದಿಂದ ಚಾನ್ಸಲರ್‌ರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಆರಿಸಬೇಕು. ಹಾಗೆ ಇಳಿದವರು ಹೆಲ್ಮುಟ್ ಶ್ಮಿಟ್ ಒಬ್ಬರೇ, 1982ರಲ್ಲಿ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಾಗ ಈ ನಿಯಮದ ಬಗ್ಗೆ ಬರೆದೆ. ನಾನು ಬರೆದ ಯಾವ ಚುನಾವಣಾ ಲೇಖನಕ್ಕೂ ಅಷ್ಟು ಓದುಗರ ಪತ್ರಗಳು ಬಂದಿಲ್ಲ.

ಇನ್ನು ಹಣ. ಪತ್ರಿಕೆ ಕೊಡುವ ಲೇಖನದ ಸಂಭಾವನೆಯಲ್ಲಿ ಬರ್ಲಿನ್‌ನ ಬಾಡಿಗೆ ಕಟ್ಟಲಾಗದು. ನಾನು ಅನುವಾದ ಮಾಡಿ ಬದುಕಿದೆ. ‘ನೋಡೋಣ’ವನ್ನು ಸಂಪಾದಕರ ಸಹಿಯಿರುವ ಪತ್ರವಾಗಿ ಮಾಡಿಸಿಕೊಳ್ಳಿ. ಪುಟ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿ. ಅಲ್ಲಿ ಮತದಾನ ಮುಗಿಯುವ ಸಂಜೆ ಆರು ಎಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ ಹತ್ತೂವರೆ. ಥುರಿಂಗಿಯಾದ ರಾಜಧಾನಿ ಎರ್ಫುರ್ಟ್‌ಗೆ ಹೋಗುವ ರೈಲಿನ ಖರ್ಚು ಯಾರದು ಎಂದೂ ಕೇಳಿ. ನಮ್ಮದಲ್ಲ ಎಂದರೆ ವೀಸಾ ವಿಷಯದಿಂದ ಶುರು ಮಾಡಿ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುತ್ತೇವೆಂದು ಆಗ ಚಾನ್ಸಲರ್ ಆಗಿದ್ದ ಶೋಲ್ಟ್ಸ್ 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಹೇಳಿದರು. ಮೂರು ವರ್ಷದಲ್ಲಿ ಪೌರತ್ವ ಸಿಗುತ್ತಿದ್ದ ದಾರಿಯನ್ನು ಮರುವರ್ಷದ ಅಕ್ಟೋಬರ್‌ನಲ್ಲಿ ಜರ್ಮನ್ ಸಂಸತ್ತು ಮುಚ್ಚಿತು. ಈ ಎರಡರ ನಡುವೆ ಸಿಕ್ಕಿಕೊಂಡಿರುವ ಕನ್ನಡದ ಎಂಜಿನಿಯರ್‌ಗಳು, ನರ್ಸ್‌ಗಳು ಬರ್ಲಿನ್‌ನಲ್ಲೇ ಇದ್ದಾರೆ. ಅವರನ್ನು ಕಾಣಲು ಮೆಟ್ರೊ ಟಿಕೆಟ್ ಸಾಕು.