ಪಾಟೀಲರೆಲ್ಲ ಒಂದೇ ಮನೆತನದವರೇ?

ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲ, ನಟಿ ಸ್ಮಿತಾ ಪಾಟೀಲ, ಕ್ರಿಕೆಟ್ ಆಟಗಾರ ಸಂದೀಪ್ ಪಾಟೀಲ, ‘ಚಂಪಾ’ ಎಂದೇ ಹೆಸರಾದ ಕವಿ ಚಂದ್ರಶೇಖರ ಪಾಟೀಲ. ಇಷ್ಟು ಬೇರೆ ಬೇರೆ ದಾರಿ ಹಿಡಿದವರಿಗೆ ಒಂದೇ ಅಡ್ಡಹೆಸರು ಹೇಗೆ ಬಂತು, ಇವರೆಲ್ಲ ಮೂಲದಲ್ಲಿ ಒಂದೇ ಮನೆತನದವರೇ ಎಂದು ಕೇಳಿದ್ದೀರಿ. ನಾನೂ ಪಾಟೀಲನೇ ಆದ್ದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಚಂಪಾ ಅವರಿಗೆ ನಾನು ಏನಾಗಬೇಕು ಎಂದು ಕಾಲೇಜಿನಲ್ಲಿ ಕೇಳಿದವರಿಗೆ, ಓದುಗನಾಗಬೇಕು ಎನ್ನುತ್ತಿದ್ದೆ.

ಪಾಟೀಲ ಎಂಬುದು ಮನೆತನದ ಹೆಸರಾಗಿ ಹುಟ್ಟಿದ್ದಲ್ಲ, ಹುದ್ದೆಯ ಹೆಸರು. ಹಳೆಯ ಶಾಸನಗಳಲ್ಲಿ ಬರುವ ‘ಪಟ್ಟಕಿಲ’ ಎಂಬ ಪದ ಇದರ ಮೂಲ ಎನ್ನುತ್ತಾರೆ. ಊರಿನ ಕಂದಾಯ ವಸೂಲಿ, ಸಣ್ಣಪುಟ್ಟ ಜಗಳಗಳ ತೀರ್ಮಾನ, ಸರ್ಕಾರಕ್ಕೆ ಊರಿನ ಪರವಾಗಿ ಉತ್ತರ ಹೇಳುವುದು, ಇವೆಲ್ಲ ಅವನ ಕೆಲಸ. ಲೆಕ್ಕ ಬರೆಯುವವನು ಕುಲಕರ್ಣಿ. ಊರಿಗೊಬ್ಬ ಪಾಟೀಲ ಬೇಕೇ ಬೇಕು ಎಂದಮೇಲೆ ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಎಷ್ಟು ಹಳ್ಳಿಗಳಿವೆಯೋ ಹೆಚ್ಚು ಕಡಿಮೆ ಅಷ್ಟು ಪಾಟೀಲ ಮನೆತನಗಳು. ಒಂದಕ್ಕೊಂದು ರಕ್ತಸಂಬಂಧ ಇರಬೇಕೆಂದೇನೂ ಇಲ್ಲ.

ಊರಿನಲ್ಲಿ ಯಾರ ಕೈಯಲ್ಲಿ ಗೌಡಕಿ ಇತ್ತೋ ಅವರು ಪಾಟೀಲರಾದರು. ಹಾಗಾಗಿ ಲಿಂಗಾಯತರಲ್ಲಿ ಪಾಟೀಲರಿದ್ದಾರೆ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿಯೂ ಇದ್ದಾರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ಜೈನರು. ಹೆಸರು ಕೇಳಿದ ಕೂಡಲೇ ಜಾತಿ ಅಂದಾಜು ಮಾಡಲು ಹೊರಡುವವರು ಇಲ್ಲಿ ಮುಗ್ಗರಿಸುತ್ತಾರೆ. ನನಗೆ ಅದು ಒಳಗೊಳಗೇ ಖುಷಿ ಕೊಡುತ್ತದೆ. ಪಟೇಲರ ಕಥೆಯೂ ಇದೇ. ನಮ್ಮ ಜೆ.ಎಚ್. ಪಟೇಲರಿಗೂ ಗುಜರಾತಿನ ಸರ್ದಾರ್ ಪಟೇಲರಿಗೂ ಹುದ್ದೆಯ ಹೆಸರಷ್ಟೇ ಸಮಾನ.

ಇನ್ನೊಂದು ತಮಾಷೆಯಿದೆ. ನಮ್ಮ ಕಡೆ ಹೆಸರಿನ ಕೊನೆಗೆ ‘ಗೌಡ’ ಸೇರಿಸಿ, ಅದರ ಮುಂದೆ ಮತ್ತೆ ‘ಪಾಟೀಲ’ ಎಂದು ಬರೆಯುತ್ತಾರೆ. ಗೌಡ ಎಂದರೂ ಊರಿನ ಮುಖ್ಯಸ್ಥ, ಪಾಟೀಲ ಎಂದರೂ ಅವನೇ. ಒಂದೇ ಹುದ್ದೆಗೆ ಎರಡು ಸಲ ಸಹಿ! ನಿಜಾಮರ ಆಳ್ವಿಕೆಯಿದ್ದ ಕಲಬುರಗಿ, ರಾಯಚೂರು ಕಡೆಗೆ ಹೋದರೆ ಹುದ್ದೆಯೇ ಇಬ್ಭಾಗವಾಗಿರುವುದು ಕಾಣುತ್ತದೆ. ಕಂದಾಯ ನೋಡಿಕೊಳ್ಳುವವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡಿಕೊಳ್ಳುವವನು ಪೊಲೀಸ್ ಪಾಟೀಲ. ಈ ಎರಡೂ ಇಂದು ಅಡ್ಡಹೆಸರುಗಳು. ಪೊಲೀಸ್ ಪಾಟೀಲ ಎಂಬ ಗಣಿತದ ಮೇಷ್ಟ್ರೊಬ್ಬರು ನನಗೆ ಪಾಠ ಮಾಡಿದ್ದರು. ಹೊಸದಾಗಿ ಸೇರಿದ ಮಕ್ಕಳು ಒಂದು ವಾರ ತುಟಿ ಬಿಚ್ಚುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಗೌಡಕಿ ಹೋಯಿತು, ಹೆಸರು ಉಳಿಯಿತು. ಆ ಹೆಸರಿಗೂ ಮಾಡುವ ಕೆಲಸಕ್ಕೂ ಈಗ ನಂಟಿಲ್ಲ. ಮಹಾರಾಷ್ಟ್ರದಲ್ಲಿ ಮಾತ್ರ ಪೊಲೀಸ್ ಪಾಟೀಲ ಎಂಬ ಹುದ್ದೆ ಕಾನೂನಿನ ಪ್ರಕಾರ ಇವತ್ತಿಗೂ ಇದೆ. ಆದರೆ ಆ ಹುದ್ದೆಯಲ್ಲಿರುವವರ ಅಡ್ಡಹೆಸರು ಪಾಟೀಲ ಆಗಿರಬೇಕಾಗಿಲ್ಲ.

ಹಾಗಾದರೆ ಇಬ್ಬರು ಪಾಟೀಲರು ಎದುರಾದಾಗ ನೆಂಟಸ್ತಿಕೆ ತಿಳಿಯುವುದು ಹೇಗೆ? ನಾವು ಮೊದಲು ಕೇಳುವುದು ‘ಯಾವ ಊರಿನ ಪಾಟೀಲರು?’ ಎಂದು. ಊರು ಬೇರೆಯಾದರೆ ಬಹುತೇಕ ಮನೆತನವೂ ಬೇರೆ, ಹೆಣ್ಣು ಕೊಟ್ಟು ತರಲೂ ಅಡ್ಡಿಯಿಲ್ಲ. ನನ್ನ ಹೆಂಡತಿಯ ತವರಿನವರೂ ಪಾಟೀಲರೇ. ಮದುವೆಯಾದ ಮೇಲೆ ಅವಳ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ತಿದ್ದಿಸುವ ಗೋಜು ಬರಲಿಲ್ಲ. ಅಂಚೆಯವನಿಗೆ ಮಾತ್ರ ಅವಳು ಈ ಮನೆಯ ಮಗಳಲ್ಲ, ಸೊಸೆ ಎಂದು ಎರಡು ಸಲ ಹೇಳಬೇಕಾಯಿತು.